ಬೇಲಿ ಹಾಕಿದ ಕಡಲಿಗೆ ಹತ್ತು ದಿನ

ಜೆಪ್ಪಿನ ನಮ್ಮ ಮನೆಯಿಂದ ಕಡಲು ಕಾಣುವುದಿಲ್ಲ. ಆದರೆ ಮಳೆಗಾಲ ಹಿಡಿಯಿತೆಂದರೆ ಅದರ ಮೊರೆತ ಹಗಲಿನಲ್ಲೂ ಕೇಳುತ್ತದೆ. ಬಾವಿಕಟ್ಟೆಯಲ್ಲಿ ನಿಂತರೆ ಇನ್ನೂ ಹೆಚ್ಚು. ಆ ಮೂರು ತಿಂಗಳು ನನ್ನ ಅತ್ತೆ ಬಾವಿಕಟ್ಟೆಗೆ ಬರುತ್ತಿರಲಿಲ್ಲ. ನೀರು ಸೇದುವುದು, ಪಾತ್ರೆ ಬೆಳಗುವುದು ಎಲ್ಲ ನನ್ನ ಪಾಲಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಇದು ಅತ್ತೆತನ ಎಂದುಕೊಂಡಿದ್ದೆ. ಕಾರಣ ತಿಳಿದ ದಿನ ನಾಚಿಕೆಯಾಯಿತು. ಅವರ ದೊಡ್ಡ ಮಗ ಹದಿನಾರನೆಯ ವಯಸ್ಸಿನಲ್ಲಿ, ಜುಲೈ ನಡುವಿನಲ್ಲಿ ಹುಟ್ಟುವ ಆಟಿ ತಿಂಗಳ ಒಂದು ಸಂಜೆ, ದೊಡ್ಡ ತೆರೆ ನೋಡಿ ಬರುತ್ತೇನೆಂದು ಗೆಳೆಯರ ಜೊತೆ ಕಡಲ ಕರೆಗೆ ಹೋದವನು ಹಿಂತಿರುಗಲಿಲ್ಲ. ಉಳಿದವರು ಎರಡನೆಯ ಮಗ, ನನ್ನ ಗಂಡ.

ನಮ್ಮವರು ಹಂಚಿನ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದರು. ಹಂಚು ಒತ್ತುವ ಹೊಸ ಯಂತ್ರ ಬರುವುದಿತ್ತು. ಅದರ ಕೆಲಸ ಕಲಿತು ಬರಲು ಕಾರ್ಖಾನೆಯವರು ಅವರನ್ನು ಒಂದು ವರ್ಷದ ಮಟ್ಟಿಗೆ ಇಂಗ್ಲೆಂಡಿಗೆ ಕಳುಹಿಸುತ್ತೇವೆಂದರು. ಅತ್ತೆ ಹಡಗಿಗೆ ಹೆದರಲಿಲ್ಲ. ಹಡಗೆಂದರೆ ಅವರ ಮಟ್ಟಿಗೆ ಕಬ್ಬಿಣದ ಮನೆ, ಒಳಗೆ ಅಡಿಗೆಯವರೂ ಡಾಕ್ಟರೂ ಇರುತ್ತಾರೆ. ಅವರ ಹೆದರಿಕೆಯೆಲ್ಲ ಕಡಲ ಕರೆಯದ್ದು, ನಿಂತು ಮೋಜು ನೋಡುವ ಆ ಮರಳಿನದ್ದು. ಹೊರಡುವ ಮುಂಚಿನ ದಿನ ಮನೆಯ ದೈವದ ಕೋಣೆಯ ಮುಂದೆ ಮಗನನ್ನು ನಿಲ್ಲಿಸಿ, ತೆಂಗಿನಕಾಯಿ ಮುಟ್ಟಿಸಿ, ಆಣೆ ಹಾಕಿಸಿದರು. ಹಡಗು ಹತ್ತುವುದಕ್ಕೆ ಇಳಿಯುವುದಕ್ಕೆ ಬಿಟ್ಟರೆ, ಅಮ್ಮ ಬಿಡುವವರೆಗೆ ಯಾವ ಊರಲ್ಲೂ ಕಡಲ ಕರೆಗೆ ಹೋಗುವುದಿಲ್ಲ. ಆ ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ದೈವದ ಮಣೆಯ ಬದಿಯಲ್ಲಿ ಇಟ್ಟರು. ಕೋಣೆಯ ಬೀಗದ ಕೈ ಅತ್ತೆಯ ಅಣ್ಣನ ಹತ್ತಿರ. ನಮ್ಮಲ್ಲಿ ಸೋದರಮಾವನೇ ಮನೆಯ ಯಜಮಾನ. ಅವರು ಕಂಕನಾಡಿಯಲ್ಲಿದ್ದರು, ತಿಂಗಳಿಗೊಮ್ಮೆ ಸಂಕ್ರಮಣದ ದಿನ ಬಂದು ದೀಪ ಇಟ್ಟು ಹೋಗುತ್ತಿದ್ದರು. ನಾವೆಲ್ಲ ಅವರನ್ನು ದೊಡ್ಡಮಾವ ಎನ್ನುತ್ತಿದ್ದೆವು.

ಮುಂದಿನ ಜೂನ್ ಮುಗಿಯುವ ಹೊತ್ತಿಗೆ ಒಂದು ಕಾಗದ ಬಂತು. ಇಂಗ್ಲೆಂಡಿನ ಟಪಾಲು ನಮ್ಮ ಕೈಗೆ ತಲುಪಲು ಆಗ ಮೂರು ವಾರ. ಅಕ್ಷರ ಅವರದ್ದೇ, ಆದರೆ ಸಾಲುಗಳು ಬಲಕ್ಕೆ ಇಳಿದಿದ್ದವು. ನಕ್ಷೆ ಎಳೆಯುವ ಕೈ ಅದು. ಸಾಲು ಇಳಿದದ್ದು ನೋಡಿ, ಓದುವ ಮೊದಲೇ ಕೊನೆಯ ಹಾಳೆ ತಿರುಗಿಸಿ ಅವರ ಸಹಿ ಹುಡುಕಿದೆ.

ಮೇ ತಿಂಗಳಲ್ಲಿ ನ್ಯುಮೋನಿಯಾ ಆಗಿತ್ತಂತೆ. ಮೂರು ವಾರ ಆಸ್ಪತ್ರೆ. ಈಗ ಕೋಣೆಗೆ ಬಂದಿದ್ದಾರೆ, ಗಂಜಿಯಂಥದ್ದೇನೋ ಕುಡಿಯುತ್ತಾರೆ, ಆದರೆ ಎಡಗಡೆಯ ಶ್ವಾಸಕೋಶ ಇನ್ನೂ ಸ್ವಚ್ಛವಾಗಿಲ್ಲ. ಸೆಪ್ಟೆಂಬರ್ ನಡುವಿನ ಹಡಗಿಗೆ ಅವರ ಜಾಗ ಕಾದಿರಿಸಿತ್ತು. ಡಾಕ್ಟರು ಎದೆ ನೋಡಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ಹಡಗು ಹತ್ತಬಹುದು. ಇಲ್ಲವಾದರೆ ಚಳಿಗಾಲ ಅಲ್ಲೇ. ಆ ಚಳಿಯನ್ನು ಈ ಎದೆ ಇನ್ನೊಮ್ಮೆ ತಡೆಯುವುದು ಸಂಶಯ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರ ಸಲಹೆ ಇಷ್ಟೇ: ಕಾರ್ಖಾನೆ ಊರಿನ ಹೊಗೆ ಬಿಟ್ಟು, ದಕ್ಷಿಣದ ಕಡಲ ಕರೆಯಲ್ಲಿ ಈಸ್ಟ್‌ಬೋರ್ನ್ ಎಂಬ ಊರಿಗೆ ಹೋಗಿ ಹತ್ತು ದಿನ ಗಾಳಿಗೆ ಕೂತು ಬರಬೇಕು. ಕಾಗದದ ಕೊನೆಯಲ್ಲಿ, "ಅಮ್ಮನ ಹತ್ತಿರ ಕೇಳು. ಅವರು ಆಣೆ ಬಿಡದೆ ನಾನು ಹೋಗುವುದಿಲ್ಲ" ಎಂದಿತ್ತು.

ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವರು ಹಲಸಿನ ಬೀಜ ಸುಲಿಯುತ್ತಿದ್ದರು. ಸುಲಿಯುವುದು ನಿಲ್ಲಿಸಲಿಲ್ಲ.

"ಎದೆಗೆ ಶೀತ ಹಿಡಿದವನನ್ನು ಕಡಲ ಗಾಳಿಗೆ ಕೂರಿಸುದಾ? ಆ ಡಾಕ್ಟ್ರಿಗೆ ಎಂತ, ಮರ್ಲಾ, ತಲೆ ಸರಿ ಇಲ್ವಾ?"

"ಅಲ್ಲಿಯ ಗಾಳಿ ಬೇರೆ ಇರ್ತದೆ ಅತ್ತೆ."

"ಗಾಳಿ ಬೇರೆ, ಕಡಲು ಬೇರೆಯಾ? ಇಲ್ಲಿ ಮುಟ್ಟಿದ ನೀರು ಅಲ್ಲಿಗೂ ಹೋಗ್ತದೆ. ಆಗುದಿಲ್ಲ ಅಂತ ಬರಿ."

ನಾನು ಬರೆಯಲಿಲ್ಲ. ಆದರೆ ಬರೆಯದೆ ಇರುವುದೂ 'ಆಗುವುದಿಲ್ಲ' ಎಂದ ಹಾಗೆಯೇ. ಒಂದು ವಾರ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೂತು ಬರೆದೆ: ನೀವು ಹೋಗಿ ಬನ್ನಿ, ಇಲ್ಲಿ ಯಾರಿಗೂ ಹೇಳುವುದು ಬೇಡ, ಪಾಪವೆಂದಾದರೆ ಅದು ನನ್ನ ತಲೆಗಿರಲಿ. ಲಕೋಟೆ ಅಂಟಿಸಿಯೂ ಆಯಿತು. ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿದೆ. ಅದು ನನ್ನ ಒಳ್ಳೆಯತನವಲ್ಲ. ಅವರು ಕದ್ದು ಹೋಗುವವರಲ್ಲ; ಹೋದರೂ, ಗುಣವಾಗಿ ಬಂದರೂ, ಆಮೇಲೆ ಈ ಮನೆಯ ಅಡಿಗೆಕೋಣೆಯಲ್ಲಿ ನಾವು ಮೂವರು ಎದುರುಬದುರು ಕೂತು ಉಣ್ಣುವುದು ಹೇಗೆ? ಅತ್ತೆಯೇ ಬಿಡಬೇಕು, ಬೇರೆ ದಾರಿಯಿಲ್ಲ. ಅವರು ಬಿಡಬೇಕಾದರೆ ಆ ಊರು ಅವರ ಕಣ್ಣಿಗೆ ಕಾಣಬೇಕು. ಕಾಣದ ಕಡಲೆಲ್ಲ ಅವರಿಗೆ ಆ ಒಂದು ಸಂಜೆಯ ಕಡಲೇ.

ಕಾರ್ಖಾನೆಯ ಕಚೇರಿಯಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ನಮ್ಮ ಮನೆಯಿಂದ ನಾಲ್ಕನೆಯ ಮನೆ. ಇಂಗ್ಲಿಷ್ ಕಾಗದ ಏನೇ ಬಂದರೂ ಆ ಓಣಿಯವರೆಲ್ಲ ಅವರ ಜಗಲಿಗೇ ಹೋಗುವುದು. ಅವರ ಹತ್ತಿರ ಹೇಳಿದೆ. ಮೂರನೆಯ ದಿನ ಕೊಡೆಯ ನೀರು ಕೊಡವುತ್ತ ಬಂದು, ಅಂಗಿಯ ಒಳಗಿನಿಂದ ಒಂದು ಪುಸ್ತಿಕೆ ತೆಗೆದರು. ಕಾರ್ಖಾನೆಯ ದೊರೆಯ ಹೆಂಡತಿ ಹಿಂದೊಮ್ಮೆ ಅದೇ ಊರಿಗೆ ಹೋಗಿದ್ದರಂತೆ. ಆ ಊರಿನ ನಕ್ಷೆ, ಚಿತ್ರ, ಉಳಿದುಕೊಳ್ಳುವ ಮನೆಗಳ ಪಟ್ಟಿ ಎಲ್ಲ ಅದರಲ್ಲಿತ್ತು.

"ಇದಾ ನೋಡಿ ಅಮ್ಮ," ಎಂದು ಅತ್ತೆಯ ಮುಂದೆ ಬಿಡಿಸಿದರು. "ಇದು ದಾರಿ. ಇದು ಮನೆಗಳು. ಇಲ್ಲಿ ಕಡಲು."

ಅತ್ತೆ ಮೊದಲು ನೋಡಲಿಲ್ಲ. ಆಮೇಲೆ ಓರೆಯಲ್ಲಿ ನೋಡಿದರು. ಆಮೇಲೆ ಬೆರಳಿಟ್ಟರು. "ಇದೆಂತ? ಈ ಗೆರೆ ಗೆರೆ?"

"ಕಬ್ಬಿಣದ ಕಂಬಿ ಅಮ್ಮ. ದಾರಿಯ ಬದಿಗೆ ಉದ್ದಕ್ಕೂ ಹಾಕಿದ್ದಾರೆ. ಇದರಿಂದ ಆಚೆಗೆ ಕಡಲು."

"ಕಡಲಿಗೆ ಬೇಲಿಯಾ?"

"ಹಾಗೆಯೇ ಅಂತ ಇಟ್ಟುಕೊಳ್ಳಿ."

ಆ ಹೊತ್ತಿಗೆ ಒಣಮೀನಿನ ಬುಟ್ಟಿ ಹೊತ್ತು ಮೊಗವೀರರ ಹೆಂಗಸು ಅಂಗಳಕ್ಕೆ ಬಂದಳು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಹಸಿಮೀನು ಇಲ್ಲ. ಅವಳಿಗೂ ಕೂತು ಮಾತಾಡಲು ಪುರುಸೊತ್ತು. ಅತ್ತೆ ಪುಸ್ತಿಕೆ ಎತ್ತಿ ಅವಳಿಗೆ ತೋರಿಸಿದರು.

"ನೋಡು ಮಾರಾಯ್ತಿ, ಇಂಗ್ಲಿಷಿನವರು ಕಡಲಿಗೆ ಬೇಲಿ ಹಾಕಿದ್ದಾರಂತೆ."

ಅವಳು ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. "ನಮ್ಮ ಗಂಡಸರಿಗೆ ಹೇಳಿದರೆ ನಗ್ತಾರೆ ಅಕ್ಕ. ದನವಾ ಅದು, ಬೇಲಿ ಹಾಕ್ಲಿಕ್ಕೆ?" ಮತ್ತೆ ನೋಡಿ, "ಈ ಸಂಕ ಎಂತಕ್ಕೆ? ಆಚೆ ಕರೆ ಇಲ್ಲವಲ್ಲ. ಅರ್ಧಕ್ಕೆ ನಿಲ್ಲಿಸಿದ್ದಾರಾ?" ಎಂದಳು.

ಅದು ಕಡಲೊಳಗೆ ಚಾಚಿಕೊಂಡ, ಕಂಬಗಳ ಮೇಲೆ ನಿಂತ ಉದ್ದ ಸೇತುವೆ. ಜನರು ಅದರ ತುದಿಯವರೆಗೆ ನಡೆದು, ಅಲ್ಲಿ ಚಹಾ ಕುಡಿದು, ವಾಪಸ್ಸು ಬರುತ್ತಾರೆ ಎಂದು ಗುಮಾಸ್ತರು ವಿವರಿಸಿದರು.

"ಎಲ್ಲಿಗೂ ಹೋಗದ ಸಂಕದಲ್ಲಿ ನಡೆಯುದು!" ಅತ್ತೆ ಎಂದರು. "ಅದಕ್ಕೆ ಮಾತ್ರ ಅವನು ಹೋಗಬಾರದು."

ಗುಮಾಸ್ತರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. 'ಅದಕ್ಕೆ ಮಾತ್ರ' ಎಂದರೆ ಉಳಿದದ್ದಕ್ಕೆ ಹೋಗಬಹುದು ಎಂದಲ್ಲವೆ? ನಾನು ಚಹಾ ಕಾಸಲು ಎದ್ದೆ.

ಪುಸ್ತಿಕೆ ನಮ್ಮಲ್ಲೇ ಉಳಿಯಿತು. ಅತ್ತೆ ಅದನ್ನು ಅಕ್ಕಿ ಆರಿಸುವಾಗ ಬದಿಯಲ್ಲಿಟ್ಟುಕೊಳ್ಳುತ್ತಿದ್ದರು. ಒಂದು ಚಿತ್ರ ಅವರಿಗೆ ಬಾಯಿಪಾಠವಾಯಿತು: ಆ ಕಂಬಿಯ ಈಚೆಗೆ ಉದ್ದ ಬೆಂಚು, ಬೆಂಚಿನ ಮೇಲೆ ಟೊಪ್ಪಿ ಹಾಕಿದ ಆರೇಳು ಮುದುಕಿಯರು, ಮಡಿಲಲ್ಲಿ ಹೆಣೆಯುವ ನೂಲಿನ ಉಂಡೆ. ಕೊನೆಗೆ ಅವರನ್ನು ಒಪ್ಪಿಸಿದ್ದು ನಾನಲ್ಲ, ಗುಮಾಸ್ತರಲ್ಲ, ಡಾಕ್ಟರಲ್ಲ, ಆ ಮುದುಕಿಯರು. ಒಂದು ಬೆಳಿಗ್ಗೆ ದೋಸೆಯ ಕಾವಲಿಗೆ ಎಣ್ಣೆ ಸವರುತ್ತಿದ್ದಾಗ ಹಿಂದಿನಿಂದ ಬಂದು ಹೇಳಿದರು:

"ಇಷ್ಟು ಜನ ಮುದುಕಿಯರು ಕೂತಿರುವ ಜಾಗ. ಅವನು ಬೇಲಿ ದಾಟಿದರೆ ಒಬ್ಬಳಾದರೂ ಕೂಗಿ ಕರೆಯದೆ ಇರ್ತಾಳಾ? ಆ ದಿನ ಇಲ್ಲಿ ಕರೆಯಲಿಕ್ಕೆ ದೊಡ್ಡವರು ಯಾರೂ ಇರಲಿಲ್ಲ."

ಮೊದಲ ದೋಸೆ ಕರಟಿ ಹೋಯಿತು.

ಆದರೆ ನಮ್ಮ ಗ್ರಹಚಾರ ನೋಡಿ: ಅವರು ಒಪ್ಪಿದ್ದು ಆಟಿ ತಿಂಗಳು ಹುಟ್ಟಿದ ಎರಡನೆಯ ದಿನ. ಸಂತೋಷದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಮಧ್ಯಾಹ್ನವೇ ಜಟಕಾ ಮಾಡಿಕೊಂಡು ಕಂಕನಾಡಿಗೆ ಹೋಗಿ ದೊಡ್ಡಮಾವನ ಹತ್ತಿರ ಬೀಗ ತೆಗೆಯಬೇಕೆಂದು ಕೇಳಿದೆವು. ಅವರು ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿದರು. ಹೊರಗೆ ಉಗಿದು ಬಂದು ಕೂತರು.

"ತಂಗಿ, ಇದು ಎಂತ ತಿಂಗಳು?"

"ಗೊತ್ತುಂಟು ಅಣ್ಣ. ಆದರೂ—"

"ಆಟಿಯಲ್ಲಿ ದೈವ ಘಟ್ಟ ಹತ್ತಿದೆ. ಕೋಣೆಯಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಮನೆಯ ಬಾಗಿಲು ತೆಗೆದು ಯಾರ ಹತ್ತಿರ ಮಾತಾಡ್ತಿ?"

"ಎರಡು ದಿನ ಮೊದಲು ಬಂದಿದ್ದರೆ?" ನಾನು ಕೇಳಿಯೇಬಿಟ್ಟೆ.

"ಎರಡು ದಿನ ಮೊದಲು ನಿನ್ನ ಅತ್ತೆಯ ತಲೆ ಘಟ್ಟ ಹತ್ತಿತ್ತಲ್ಲ," ಎಂದರು ದೊಡ್ಡಮಾವ.

ಅತ್ತೆ ನಗಲಿಲ್ಲ. ಸಾಕ್ಷಿಯಿಟ್ಟು ಹಾಕಿದ ಆಣೆಯನ್ನು ಸಾಕ್ಷಿಯ ಎದುರೇ ಬಿಡಬೇಕು. ಅದರಲ್ಲಿ ಅಣ್ಣ ತಂಗಿ ಇಬ್ಬರದೂ ಒಂದೇ ಮಾತು. ನನಗೂ ಎದುರಾಡಲು ತೋಚಲಿಲ್ಲ. ಸೋಣ ಸಂಕ್ರಮಣದ ದಿನ ದೈವ ಇಳಿದು ಬರುತ್ತದೆ, ಆ ದಿನ ಬೆಳಿಗ್ಗೆಯೇ ಬರುತ್ತೇನೆ ಎಂದು ದೊಡ್ಡಮಾವ ಮಾತು ಕೊಟ್ಟರು. ಸಂಕ್ರಮಣವೆಂದರೆ ಆಗಸ್ಟಿನ ನಡುವೆ. ಇನ್ನೂ ನಾಲ್ಕು ವಾರ.

ಮನೆಗೆ ಬಂದು ಪಂಚಾಂಗ, ಗೋಡೆಯ ಕ್ಯಾಲೆಂಡರು, ಸ್ಲೇಟು ಮೂರನ್ನೂ ಮುಂದಿಟ್ಟುಕೊಂಡು ಕೂತೆ. ಆಣೆ ಬಿಟ್ಟ ಮೇಲೆ ಕಾಗದ ಬರೆದರೆ ಅದು ಸೆಪ್ಟೆಂಬರಿನಲ್ಲಿ ತಲುಪುತ್ತದೆ. ಆಮೇಲೆ ಹತ್ತು ದಿನ ಹೋಗಲು ಹಡಗು ಕಾಯುವುದಿಲ್ಲ. ಹಾಗಾದರೆ ಹೊರಡುವ ಸಿದ್ಧತೆಯೆಲ್ಲ ಕಾಗದದಲ್ಲಿ ಈಗಲೇ ಹೋಗಬೇಕು, ಅಪ್ಪಣೆ ಮಾತ್ರ ತಂತಿಯಲ್ಲಿ. ಸಂಕ್ರಮಣ ಕಳೆದು ಮೂರನೆಯ ದಿನಕ್ಕೆ ಕೋಣೆ ಗೊತ್ತುಮಾಡಿ, ಪೆಟ್ಟಿಗೆ ಕಟ್ಟಿಡಿ, ತಂತಿ ಬಂದರೆ ರೈಲು ಹತ್ತಿ, ಬಾರದಿದ್ದರೆ ಹೋಗಬೇಡಿ. ಇಷ್ಟು ನನ್ನ ಯೋಜನೆ. ಇದರ ಮೇಲೆ ಅತ್ತೆಯ ಯೋಜನೆ ಶುರುವಾಯಿತು.

ಮೂರು ಸಂಜೆ ಅವರು ಹೇಳಿದರು, ನಾನು ಬರೆದೆ. ಕೋಣೆ ಕಡಲ ಎದುರಿನ ಸಾಲಿನಲ್ಲಿ ಬೇಡ. ಹಿಂದಿನ ಎರಡನೆಯ ದಾರಿಯಲ್ಲಿ, ನಕ್ಷೆಯಲ್ಲಿ ಚರ್ಚಿನ ಗುರುತು ಇರುವಲ್ಲಿ. ದೇವರಿರುವ ಕಡೆ ಜನ ಇರುತ್ತಾರೆ, ಯಾವ ದೇವರಾದರೂ ಸರಿ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹೋಗಬೇಕು. ಕಿವಿಗೆ ಹತ್ತಿ, ಎದೆಗೆ ಉಣ್ಣೆ. ಮುದುಕಿಯರಿರುವ ಬೆಂಚಿನಲ್ಲೇ ಕೂರಬೇಕು, ಖಾಲಿ ಬೆಂಚಿನಲ್ಲಿ ಅಲ್ಲ. ಕಂಬಿ ಮುಟ್ಟಬಹುದು, ಅದರ ಮೇಲೆ ಬಗ್ಗಬಾರದು. ಸಂಕಕ್ಕೆ ಹೋಗಬಾರದು.

"ಅತ್ತೆ, ಅವರಿಗೆ ಮೂವತ್ತಾರು ವರ್ಷ."

"ಬರಿ ನೀನು."

ನಾನು ಬರೆದೆ. ಈಸ್ಟ್‌ಬೋರ್ನ್ ಎಂಬುದು ಅವರ ನಾಲಿಗೆಗೆ ಹತ್ತಲಿಲ್ಲ. ಕೊನೆಯವರೆಗೂ ಅದು 'ಆ ಬೇಲಿಯ ಊರು' ಆಗಿಯೇ ಉಳಿಯಿತು. ಪಾಲೆ ಮರದ ತೊಗಟೆಯ ಒಂದು ಕೆತ್ತೆಯನ್ನೂ ಲಕೋಟೆಗೆ ಹಾಕು ಎಂದರು. ಆಟಿ ಅಮಾವಾಸ್ಯೆಗೆ ನಾವು ಕುಡಿಯುವ ಕಹಿ ಕಷಾಯ ಅದರದ್ದೇ. ಅಮಾವಾಸ್ಯೆಯ ಮುಂಜಾವಿನಲ್ಲಿ ತೆಗೆಯದ ಕೆತ್ತೆಗೆ ಗುಣವಿಲ್ಲ ಎಂದು ಅವರೇ ನನಗೆ ಕಲಿಸಿದ್ದರು. ಅದನ್ನು ನೆನಪಿಸಿದ ಮೇಲೆ ಸುಮ್ಮನಾದರು. ಲಕೋಟೆ ದಪ್ಪವಾಗಿ, ಅಂಟಿಸಿದ್ದು ನಿಲ್ಲದೆ, ದಾರದಲ್ಲಿ ಕಟ್ಟಿ ಕಳುಹಿಸಿದೆ.

ಆಮೇಲಿನ ನಾಲ್ಕು ವಾರದ ಬಗ್ಗೆ ಹೇಳುವಂಥದ್ದು ಏನಿಲ್ಲ. ಮಳೆ ಬಂತು. ಪತ್ರೊಡೆ ಮಾಡಿದೆವು. ಕಾಗದ ತಲುಪಿತೋ ಇಲ್ಲವೋ ಎಂದು ನಾನು ಒಳಗೊಳಗೇ ದಿನ ಎಣಿಸಿದೆ. ನನಗೆ ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಆಟಿ ತುಂಬ ಆ ಮೊರೆತ ಕೇಳುತ್ತ ಕೇಳುತ್ತ ಅತ್ತೆಯ ಮನಸ್ಸು ತಿರುಗಿದರೆ?

ಸೋಣ ಸಂಕ್ರಮಣದ ಬೆಳಿಗ್ಗೆ ದೊಡ್ಡಮಾವ ಹೇಳಿದ ಹೊತ್ತಿಗೇ ಬಂದರು, ಮೊಣಕಾಲಿನವರೆಗೆ ಕೆಸರು. ಬಾವಿಯ ನೀರು ಹೊಯ್ದುಕೊಂಡು, ಒಣ ಪಂಚೆ ಉಟ್ಟು ಕೋಣೆಯ ಬೀಗ ತೆಗೆದರು. ಒಂದು ತಿಂಗಳು ಮುಚ್ಚಿದ ಕೋಣೆ, ಬೂಷ್ಟಿನ ವಾಸನೆ. ನಾನು ಗುಡಿಸಿದೆ, ಅವರು ದೀಪ ಇಟ್ಟರು. ಬಿಳಿ ಬಟ್ಟೆಯ ಗಂಟನ್ನು ತೆಗೆದು ಅತ್ತೆಯ ಕೈಗೆ ಕೊಟ್ಟು, "ಹೇಳು ತಂಗಿ," ಎಂದರು.

ಅತ್ತೆ ಗಂಟು ಹಿಡಿದು ನಿಂತರು. ಹೇಳಲಿಲ್ಲ.

ಹೊರಗೆ ಮಳೆ ಹೊಯ್ಯುತ್ತಿತ್ತು. ಅದರ ಹಿಂದೆ ಕಡಲು. ದೊಡ್ಡಮಾವ ಒಮ್ಮೆ ಕೆಮ್ಮಿದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ, ದೀಪದ ಬತ್ತಿಯನ್ನು ಅವರು ಎರಡು ಸಲ ಮುಂದೆ ಸರಿಸಿದ್ದು ನೆನಪು. ನನಗೆ ಕಾಣುತ್ತಿದ್ದದ್ದು ಅತ್ತೆಯ ಕೈ ಮಾತ್ರ. ಬಟ್ಟೆಯ ಗಂಟಿನ ಮೇಲೆ ಬೆರಳು ಬಿಗಿಯುತ್ತಲೇ ಇತ್ತು. ಆಗಲಿಲ್ಲ, ಎಲ್ಲ ಮುಗಿಯಿತು, ನಾನು ಒಲೆಗೆ ಹಾಕಿದ ಆ ಕಾಗದವನ್ನೇ ಕಳುಹಿಸಬೇಕಿತ್ತು ಎಂದುಕೊಂಡೆ.

ಆಗ ಅತ್ತೆ ಮಾತಾಡಿದರು. ದೈವದ ಹತ್ತಿರ ಮಾತಾಡುವ ಕ್ರಮದಲ್ಲಲ್ಲ. ನೆರೆಮನೆಯವರ ಹತ್ತಿರ ಮಾತಾಡುವ ಹಾಗೆ.

"ಇಷ್ಟು ವರ್ಷ ನಾನು ಕಾದೆ. ನನಗೆ ಇನ್ನು ಆಗುದಿಲ್ಲ. ನೀನು ಒಂದು ತಿಂಗಳು ಘಟ್ಟದಲ್ಲಿ ಕೂತು ದಣಿವು ಆರಿಸಿಕೊಂಡಿದ್ದಿಯಲ್ಲ? ಇನ್ನು ಹತ್ತು ದಿನ ನೀನು ಕಾಯಿ. ಹತ್ತೇ ದಿನ. ಆಮೇಲೆ ನನಗೆ ವಾಪಸ್ಸು ಕೊಡು."

ದೊಡ್ಡಮಾವ ಬಾಯಿ ತೆರೆದರು. ಆಣೆಯನ್ನು ಬಿಡುವುದನ್ನು ಅವರು ಕಂಡಿದ್ದರು. ಹತ್ತು ದಿನಕ್ಕೆ ಎರವಲು ಕೊಡುವುದನ್ನು ಕಂಡಿರಲಿಲ್ಲ. ಆದರೆ ಅತ್ತೆ ಆಗಲೇ ಗಂಟು ಬಿಚ್ಚಿ ಕಾಯಿಯನ್ನು ಮಣೆಯ ಮೇಲೆ ಇಟ್ಟಾಗಿತ್ತು.

"ಹೀಗೆ ಆಗ್ತದಾ ಮಾವ?" ನಾನು ಮೆಲ್ಲಗೆ ಕೇಳಿದೆ.

"ಯಾರು ಬೇಡ ಹೇಳ್ತಾರೆ ನೋಡುವ," ಎಂದು ಅವರು ಕತ್ತಿ ತೆಗೆದುಕೊಂಡು ಕಾಯಿ ಒಡೆದರು. ಎರಡು ಸಮ ಹೋಳು. ನೀರು ಆರಿತ್ತು, ಆದರೆ ಒಳಗೆ ಶುಭ್ರ ಬಿಳಿ. "ನೋಡು, ಒಪ್ಪಿದೆ. ನೀನು ತಂತಿಗೆ ಓಡು."

ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದು ಸಿದ್ಧವಾಗಿಟ್ಟಿದ್ದರು: ಅಮ್ಮ ಒಪ್ಪಿದ್ದಾರೆ, ಹೋಗಿ. ಅದಕ್ಕೆ 'ಹತ್ತು ದಿನ ಮಾತ್ರ' ಎಂದು ಸೇರಿಸಲು ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಏನೂ ಕೇಳದೆ ಸೇರಿಸಿದರು. ಆ ಮಳೆಯಲ್ಲಿ ಇಬ್ಬರೂ ತಂತಿ ಕಚೇರಿಗೆ ಹೋದೆವು. ಕಿಟಕಿಯ ಆಚೆಗಿನವರು ಕಾಗದವನ್ನು ಓದಿ, "ಲೈನು ಸರಿ ಉಂಟು, ನಿನ್ನೆ ಇರಲಿಲ್ಲ," ಎಂದರು. ಅವರಿಗೆ ಅದು ಸಾಧಾರಣ ಮಾತು. ನಾನು ರಶೀದಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮೂರನೆಯ ದಿನದಿಂದ ಆ ಹತ್ತು ದಿನ ಶುರುವಾಯಿತು. ಅವರು ಹೊರಟರೋ ಇಲ್ಲವೋ ನಮಗೆ ಗೊತ್ತಿಲ್ಲ, ಹೊರಟಿದ್ದಾರೆಂದೇ ಇಟ್ಟುಕೊಂಡೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಎಂದು ಗುಮಾಸ್ತರು ಹೇಳಿಕೊಟ್ಟಿದ್ದರು. ಸೋಣದ ಹೊಸ್ತಿಲು ಪೂಜೆಗೆ ಬೆಳಿಗ್ಗೆ ಹೂವಿಟ್ಟು, ಮನೆಕೆಲಸ ಮುಗಿದು, ಮಧ್ಯಾಹ್ನ ನಾವು ಉಂಡು ಏಳುವಾಗ ಅಲ್ಲಿ ಬೆಳಿಗ್ಗೆ.

"ಈಗ ಎಂತ ಮಾಡ್ತಾನೆ?"

"ಈಗ ಎದ್ದು ಚಹಾ ಕುಡಿದಾಯ್ತು."

ಗಂಟೆ ಮೂರೂವರೆ ಆದರೆ: "ಈಗ?"

"ಬೆಂಚಿಗೆ ಹೋದರು ಅತ್ತೆ. ಮುದುಕಿಯರು ಜಾಗ ಬಿಟ್ಟುಕೊಟ್ಟರು."

ಅಲ್ಲಿ ಮಧ್ಯಾಹ್ನವಾಗಿ ಅವರು ಊಟಕ್ಕೆ ಕೋಣೆಗೆ ಮರಳಿದರು ಎಂದಾಗ ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ಅಲ್ಲಿಯವರೆಗೆ ಅತ್ತೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ನಿಜವಾಗಿ ನಡೆದದ್ದು ಏನೆಂದು ಆಮೇಲೆ ಅವರ ಬಾಯಲ್ಲೇ ಕೇಳಿದೆ. ಹತ್ತು ದಿನದಲ್ಲಿ ನಾಲ್ಕು ದಿನ ಅಲ್ಲಿ ಜಿಟಿಜಿಟಿ ಮಳೆ. ಆ ಊರಿನವರು ಗಾಜಿನ ಗೋಡೆಯ ಚಪ್ಪರಗಳನ್ನು ಕಟ್ಟಿಸಿದ್ದಾರೆ, ಅದರೊಳಗೆ ಕೂತಿದ್ದರಂತೆ. ಚರ್ಚಿನ ಬದಿಯಲ್ಲಿ ಕೋಣೆ ಸಿಗದೆ, ಬೇಕರಿಯ ಮಾಳಿಗೆಯಲ್ಲಿ ಉಳಿದಿದ್ದರಂತೆ. ಮುದುಕಿಯರ ಬೆಂಚಿಗೆ ಮೊದಲ ದಿನ ಹೋಗಿ ಕೂತಾಗ ಅವರು ಮಾತು ನಿಲ್ಲಿಸಿ ದೂರ ಸರಿದರು. ಮೂರನೆಯ ದಿನ ಒಬ್ಬಾಕೆ, ಎದೆಗೆ ಏನಾಗಿದೆ ಎಂದು ಕೇಳಿದಳು. ಐದನೆಯ ದಿನ ಅವರ ಕುತ್ತಿಗೆಯ ಮಫ್ಲರು ಸರಿಯಾಗಿ ಸುತ್ತಿಲ್ಲವೆಂದು ಬೈದಳು. ಆಣೆ ಸಡಿಲವಾಗಿತ್ತಲ್ಲ, ನೀರಿಗೆ ಇಳಿದಿರಾ ಎಂದು ಕೇಳಿದೆ. "ಆ ನೀರಿಗಾ?" ಎಂದರು. "ಒಂದು ಬೆರಳು ಅದ್ದಿ ನೋಡಿದೆ, ಮಂಜುಗಡ್ಡೆ. ಅದಕ್ಕೆ ಅಮ್ಮನ ಆಣೆ ಎಂತಕ್ಕೆ ಮಾರಾಯ್ತಿ, ಯಾರನ್ನೂ ಅದು ತಾನೇ ಓಡಿಸ್ತದೆ." ಸಂಕಕ್ಕೆ ಹೋಗಿರಲಿಲ್ಲ. ತುದಿಯಲ್ಲಿ ಬ್ಯಾಂಡು ಬಾರಿಸುತ್ತಿದ್ದರಂತೆ, ಬಾಗಿಲಿನವರೆಗೆ ಹೋಗಿ ನಿಂತು ಕೇಳಿ ಬಂದರಂತೆ.

ಇದೊಂದೂ ಆಗ ನಮಗೆ ಗೊತ್ತಿಲ್ಲ. ಹತ್ತನೆಯ ಸಂಜೆ ಅತ್ತೆ ಜಗಲಿಯಿಂದ ಎದ್ದು, "ಆಯ್ತು. ಇನ್ನು ಅವನು ಬೇಲಿಯ ಊರಲ್ಲಿಲ್ಲ," ಎಂದು ಒಳಗೆ ಹೋದರು. ಉಳಿದದ್ದು ಡಾಕ್ಟರು. ಅದಕ್ಕೆ ಯಾರೂ ಮಾಡುವಂಥದ್ದು ಏನಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಹಗಲು, ಕುಚ್ಚಲಕ್ಕಿ ಬೇಯುತ್ತಿದ್ದ ಹೊತ್ತು, ತಂತಿಯವನು ಬಂದ. ನಮ್ಮ ಓಣಿಯಲ್ಲಿ ತಂತಿ ಎಂದರೆ ಸಾವಿನ ಸುದ್ದಿ; ಅವನ ಸೈಕಲ್ಲು ನಿಂತ ಮನೆಯ ಮುಂದೆ ಜನ ಸೇರುತ್ತಾರೆ. ಎದುರುಮನೆಯ ಹೆಂಗಸು ಆಗಲೇ ಸೆರಗು ಕಟ್ಟಿಕೊಂಡು ಗೇಟಿಗೆ ಬಂದಿದ್ದಳು. ನಾನು ಸಹಿ ಹಾಕಿ ತೆಗೆದುಕೊಂಡೆ. ಇಂಗ್ಲಿಷು. ಅತ್ತೆಗೂ ಬಾರದು, ನನಗೂ ಬಾರದು.

"ಒಡೆಯಬೇಡ," ಎಂದರು ಅತ್ತೆ. "ಓದುವವರು ಒಡೆಯಲಿ."

ಗುಮಾಸ್ತರು ಆ ಹೊತ್ತಿಗೆ ಕಾರ್ಖಾನೆಯಲ್ಲಿ. ನಾನು ಕೊಡೆ ತೆಗೆದುಕೊಳ್ಳುವಷ್ಟರಲ್ಲಿ ಅತ್ತೆ ಗೇಟು ದಾಟಿದ್ದರು. ಹಂಚಿನ ಕಾರ್ಖಾನೆ ಇರುವುದು ಹೊಳೆಯ ಬದಿಗೆ. ಆ ದಾರಿಯಲ್ಲಿ ಅವರು ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಜೇಡಿಮಣ್ಣಿನ ರಾಶಿ, ಹಂಚಿನ ಚೂರು, ಎಲ್ಲದರ ಮೇಲೆ ಬರಿಗಾಲಿನಲ್ಲಿ. ನನಗಿಂತ ಹತ್ತು ಮಾರು ಮುಂದೆ. ಕಚೇರಿಯ ಬಾಗಿಲಲ್ಲಿ ನಿಂತಾಗ ಒಳಗೆ ನಾಲ್ಕಾರು ಗಂಡಸರು ಎದ್ದು ನಿಂತರು. ಗುಮಾಸ್ತರು ಬುತ್ತಿ ಬಿಚ್ಚಿದ್ದರು. ಎಂಜಲು ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡು, ಹರಿದು, ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಚೇರಿಯ ಮುಖ ಅದು.

"ಎದೆ ಸ್ವಚ್ಛ. ಸರ್ಟಿಫಿಕೇಟು ಸಿಕ್ಕಿತು. ಗೊತ್ತಾದ ಹಡಗಿಗೇ ಹೊರಡುತ್ತೇನೆ."

ಅತ್ತೆ ನಿಂತಲ್ಲೇ ನಿಂತಿದ್ದರು.

"ಇನ್ನೊಮ್ಮೆ ಓದಿ."

ಓದಿದರು.

"ನೀವು ನಮಗೆ ಬೇಜಾರಾಗಬಾರದು ಅಂತ ಓದುದಲ್ಲವಲ್ಲ?"

"ಅಯ್ಯೋ ಅಮ್ಮ! ಬೇಕಾದರೆ ಇವರ ಹತ್ತಿರ ಓದಿಸಿ," ಎಂದು ಪಕ್ಕದ ಮೇಜಿನವರಿಗೆ ಕೊಟ್ಟರು. ಅವರು ಓದಿದರು. ಅವರ ಪಕ್ಕದವರು ಕೇಳದೆಯೇ ತೆಗೆದುಕೊಂಡು ಓದಿದರು. ಮೂವರ ಬಾಯಲ್ಲೂ ಅದೇ ಬಂತು. ಆಮೇಲೆ ಅತ್ತೆ ಯಾರೋ ಎಳೆದುಕೊಟ್ಟ ಕುರ್ಚಿಯಲ್ಲಿ ಕೂತರು. ಗುಮಾಸ್ತರ ಬುತ್ತಿಯ ಕಡೆ ನೋಡಿ, "ಊಟ ಅರ್ಧಕ್ಕೆ ಬಿಡಬೇಡಿ, ಉಣ್ಣಿ ಉಣ್ಣಿ," ಎಂದರು. ಅವರು ಉಂಡು ಮುಗಿಸುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಏಳಬೇಕೆಂದು ನಮಗೆ ಅನಿಸಲೇ ಇಲ್ಲ.

ಮನೆಗೆ ಬರುವಾಗ ಅನ್ನ ತಳ ಹಿಡಿದು ವಾಸನೆ ಗೇಟಿನವರೆಗೆ ಬಂದಿತ್ತು. ಎದುರುಮನೆಯವಳು ಇನ್ನೂ ಅಲ್ಲೇ ನಿಂತಿದ್ದಳು, ಅಳಲು ಸಿದ್ಧವಾಗಿ. ಅತ್ತೆ ಅವಳಿಗೆ ದಾರಿಯಿಂದಲೇ ಕೂಗಿ ಹೇಳಿದರು:

"ಎಂತ ಇಲ್ಲ ಮಾರಾಯ್ತಿ, ಮಗ ಬರ್ತಾನಂತೆ!"

ಮೇಲಿನ ಅನ್ನವನ್ನು ಬೇರೆ ತೆಗೆದು, ಉಪ್ಪಿನಕಾಯಿ ಹಾಕಿಕೊಂಡು ಇಬ್ಬರೂ ಉಂಡೆವು. ಅತ್ತೆ ಎರಡನೆಯ ಸಲ ಬಡಿಸಿಕೊಂಡರು. ಆಮೇಲೆ ಚಾಪೆ ಹಾಸಿ ಮಲಗಿದವರು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ. ನಾನು ಎರಡು ಸಲ ಹೋಗಿ ನೋಡಿ ಬಂದೆ. ಗೊರಕೆ ಹೊಡೆಯುತ್ತಿದ್ದರು.